ಕಾಡು ನೋಡೋಕೆ ಯಾರೂ ಹೋಗುತ್ತಿರಲಿಲ್ಲ

ನಮ್ಮ ಮನೆಯಲ್ಲಿ ಕಾಡು ನೋಡೋಕೆ ಅಂತ ಹೊರಟವರು ಯಾರೂ ಇಲ್ಲ. ಅಜ್ಜ ಹೋಗುತ್ತಿದ್ದುದು ಸೊಪ್ಪಿಗೆ. ಆಯಿ, ಅಂದರೆ ನನ್ನ ಅಮ್ಮ, ಹೋಗುತ್ತಿದ್ದುದು ಬೇಸಿಗೆಯಲ್ಲಿ ದರಕಿಗೆ, ಅಂದರೆ ಉದುರಿದ ಒಣ ಎಲೆಗೆ, ಮೇ ತಿಂಗಳಲ್ಲಿ ಮುರುಗಲು ಹಣ್ಣಿಗೆ, ಮಳೆಗಾಲದಲ್ಲಿ ಕಳಲೆಗೆ, ಅಂದರೆ ಎಳೆ ಬಿದಿರಿಗೆ. ಅಪ್ಪಯ್ಯ ಹೋಗುತ್ತಿದ್ದುದು ಬೆಟ್ಟದ ಝರಿಯಿಂದ ಮನೆಗೆ ಬರುವ ಅಬ್ಬಿ ನೀರಿನ ಪೈಪಿನಲ್ಲಿ ಎಲೆ ಸಿಕ್ಕಿಕೊಂಡಿದೆಯಾ ಅಂತ ನೋಡಲು. ಮಕ್ಕಳಾದ ನಾವು ಇವರಲ್ಲಿ ಯಾರಾದರೊಬ್ಬರ ಹಿಂದೆ. "ಸುಮ್ನೆ ಬೆಟ್ಟಕ್ಕೆ ಹೋಗ್ ಬತ್ತಿ" ಅಂದರೆ "ಸುಮ್ನೆ ಎಂತಕ್ಕೆ?" ಅನ್ನುವ ಪ್ರಶ್ನೆ ಬರುತ್ತಿತ್ತು. ಅದು ಬೈಗುಳ ಅಲ್ಲ. ಕೇಳಿದವರಿಗೆ ನಿಜವಾಗಿಯೂ ಅರ್ಥವಾಗುತ್ತಿರಲಿಲ್ಲ. ಕೆಲಸ ಇಲ್ಲದೆ ಬೆಟ್ಟದಲ್ಲಿ ಏನು ಮಾಡುತ್ತಾರೆ?

ನಮ್ಮೂರು ಇರುವುದು ಸಿರಸಿ, ಸಿದ್ದಾಪುರಗಳ ನಡುವೆ. ಅಘನಾಶಿನಿಗೆ ಸೇರುವ ಒಂದು ಹಳ್ಳದ ಪಕ್ಕ ತೋಟ, ತೋಟದ ಮೇಲೆ ಮನೆ, ಮನೆಯ ಹಿಂದೆ ಬೆಟ್ಟ. ಆ ಕಡೆಯ ಯಾರನ್ನು ಕೇಳಿದರೂ ಹೆಚ್ಚು ಕಡಿಮೆ ಇದೇ ನಕ್ಷೆ ಹೇಳುತ್ತಾರೆ.

ಬೆಂಗಳೂರಿಗೆ ಬಂದ ಮೇಲೆ ನಾನೂ ನೋಡೋಕೆ ಹೋಗುವವಳಾದೆ. ಆಫೀಸಿನವರ ಜೊತೆ ಸಾವನದುರ್ಗ, ಸ್ಕಂದಗಿರಿಯ ಬೆಳಗಿನ ಮೋಡ, ಕುಮಾರ ಪರ್ವತ ಎಲ್ಲಾ ಆಗಿದೆ. ಮೊನ್ನೆ ಫೋನಿನಲ್ಲಿ ಜಾಗ ಸಾಲದೆ ಹಳೇ ಫೋಟೋ ಅಳಿಸೋಕೆ ಕೂತಾಗ ಎಷ್ಟೋ ಫೋಟೋ ಎಲ್ಲಿಯದು ಅಂತಲೇ ಹೊಳೆಯಲಿಲ್ಲ. ಹಸಿರು ಗುಡ್ಡ, ಮೋಡ, ಹಲ್ಲು ಕಿಸಿದ ನಾವು. ಇದು ಯಾವ ಗುಡ್ಡ? ಗೊತ್ತಿಲ್ಲ. ಅದೇ ನಮ್ಮ ಬೆಟ್ಟದ್ದು, ನನ್ನ ಬಾಲ್ಯದ್ದು ಅಂತ ಒಂದೇ ಒಂದು ಫೋಟೋ ಇಲ್ಲ. ಆದರೂ ಯಾವ ಹೊನ್ನೆ ಮರದಲ್ಲಿ ಚಗಳಿ ಇರುವೆ ಗೂಡು ಇತ್ತು, ಯಾವ ತಿರುವಿನಲ್ಲಿ ಕಲ್ಲು ಜಾರುತ್ತಿತ್ತು, ಹೊರೆ ಇಳಿಸಿ ಉಸಿರು ಬಿಡುವ ಕಟ್ಟೆ ಎಷ್ಟು ಎತ್ತರ ಇತ್ತು ಅನ್ನುವುದನ್ನು ಈಗಲೂ ತಡೆಯದೆ ಹೇಳುತ್ತೇನೆ. ಕಟ್ಟೆಯ ಎತ್ತರ ಯಾಕೆ ನೆನಪಿದೆ ಅಂದರೆ, ಅದು ಆಯಿಯ ಹೆಗಲಿಗೆ ಸರಿಯಾಗಿತ್ತು. ನನ್ನ ತಲೆ ಅಷ್ಟು ಎತ್ತರಕ್ಕೆ ಬರುವವರೆಗೆ ನನಗೆ ಹೊರೆ ಸಿಗುತ್ತಿರಲಿಲ್ಲ.

ಕುಮಾರ ಪರ್ವತದ ಬಗ್ಗೆ ಒಂದು ಮಾತು. ಅದು 1712 ಮೀಟರ್ ಎತ್ತರ, ನಮ್ಮ ರಾಜ್ಯದ ಕಷ್ಟದ ಚಾರಣಗಳಲ್ಲಿ ಒಂದು ಅನ್ನುತ್ತಾರೆ, ಕಷ್ಟವೇ ಹೌದು. ಆದರೆ ಕುಕ್ಕೆಯಿಂದ ಹೊರಟು ಕಾಡಿನ ಏರು ಮುಗಿಸಿ ಭಟ್ಟರ ಮನೆ ತಲುಪುವ ತನಕ ನನಗೆ ನೆನಪಿರುವುದು ಮುಂದೆ ನಡೆಯುತ್ತಿದ್ದವರ ಬ್ಯಾಗಿನ ಹಿಂಭಾಗ. ಆಮೇಲೆ ಭಟ್ಟರ ಮನೆಯ ಊಟ. ಊಟ ಚೆನ್ನಾಗಿ ನೆನಪಿದೆ! 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಯಲ್ಲಿ, ಆ ಬೆಟ್ಟದಲ್ಲಿ ಜನ ಸಾಲುಗಟ್ಟಿ ನಿಂತ ವಿಡಿಯೋವನ್ನು ನೀವೂ ನೋಡಿರಬಹುದು. ಆಮೇಲೆ ಚಾರಣ ಕೆಲ ಕಾಲ ನಿಂತು, ಆನ್‌ಲೈನ್ ಬುಕಿಂಗ್ ಬಂತು. ಒಳ್ಳೆಯದೇ ಆಯಿತು. ಜನ ಹೋಗಬಾರದು ಅಂತ ನಾನು ಹೇಳುವುದಿಲ್ಲ. ವಾರವಿಡೀ ಕುರ್ಚಿಯಲ್ಲಿ ಕೂತವರಿಗೆ ಶನಿವಾರ ಕಾಲು ಬೀಸೋಕೆ ಒಂದು ಗುಡ್ಡ ಬೇಕು. ನನಗೂ ಬೇಕು. ಆದರೆ ಹತ್ತಿ ಇಳಿದ ಗುಡ್ಡ ನನ್ನಲ್ಲಿ ಉಳಿದಿಲ್ಲ, ಹೊರೆ ಹೊತ್ತ ಬೆಟ್ಟ ಉಳಿದಿದೆ. ಇದನ್ನೇ ಕೆಲವು ದಿನಗಳಿಂದ ಯೋಚಿಸುತ್ತಿದ್ದೇನೆ.

ಸೊಪ್ಪಿನ ಬೆಟ್ಟ ಅಂದರೆ ಏನು ಅಂತ ಬಯಲುಸೀಮೆಯ ಗೆಳೆಯರು ಕೇಳುತ್ತಾರೆ. ಅಡಿಕೆ ತೋಟಕ್ಕೆ ಗೊಬ್ಬರ ಬೇಕು, ಕೊಟ್ಟಿಗೆಯಲ್ಲಿ ದನದ ಕಾಲ ಕೆಳಗೆ ಹಾಸೋಕೆ ಸೊಪ್ಪು ಬೇಕು. ಅದಕ್ಕಾಗಿ ಬ್ರಿಟಿಷರ ಕಾಲದಿಂದ ನಮ್ಮ ಜಿಲ್ಲೆಯಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಕಾಡನ್ನು ಬಿಟ್ಟುಕೊಡುವ ಪದ್ಧತಿ ಬಂತು. ನೆಲ ಸರ್ಕಾರದ್ದು, ಸೊಪ್ಪು ತೋಟದವರದ್ದು. ಮಳೆಗಾಲದಲ್ಲಿ ಹಸಿ ಸೊಪ್ಪು, ಬೇಸಿಗೆಯಲ್ಲಿ ದರಕು. ಕೊಟ್ಟಿಗೆಯಲ್ಲಿ ತುಳಿಸಿಕೊಂಡು ಗೊಬ್ಬರವಾಗಿ ಅದು ತೋಟಕ್ಕೆ ಹೋಗುತ್ತದೆ. ಹೀಗೆ ಸೊಪ್ಪು ಕಡಿಸಿಕೊಂಡ ಮತ್ತಿ, ಹೊನ್ನೆ, ನಂದಿ ಮರಗಳು ದೂರದಿಂದ ಬಾಟಲಿ ತೊಳೆಯುವ ಬ್ರಷ್ಷು ನಿಲ್ಲಿಸಿದ ಹಾಗೆ ಕಾಣುತ್ತವೆ. ಮೊದಲ ಸಲ ನೋಡಿದ ನನ್ನ ಗೆಳತಿ "ಇದಕ್ಕೇನು ರೋಗ?" ಅಂತ ಕೇಳಿದ್ದಳು.

ಅಜ್ಜನಿಗೆ ಸೊಪ್ಪು ಕಡಿಯುವುದರಲ್ಲಿ ಬಹಳ ಕಟ್ಟುನಿಟ್ಟು. ತುದಿ ಕಡಿಯಬಾರದು. ಈ ವರ್ಷ ಕಡಿದ ಮರವನ್ನು ಮುಂದಿನ ವರ್ಷ ಮುಟ್ಟಬಾರದು. ಹಕ್ಕಿ ಗೂಡಿದ್ದರೆ ಆ ಕೊಂಬೆ ಬಿಡಬೇಕು. ಹಣ್ಣಿನ ಮರ, ಅದರಲ್ಲೂ ಮುರುಗಲು, ನೇರಳೆ, ಹಲಸು ಇವಕ್ಕೆ ಕತ್ತಿ ತಾಗಿಸಿದರೆ ಆ ದಿನ ಕೆಲಸಕ್ಕೆ ಬಂದವರಿಗೂ ಬೈಗುಳ, ನಮಗೂ ಬೈಗುಳ. ಇದನ್ನೆಲ್ಲ ಅಜ್ಜ ಕೂರಿಸಿ ಹೇಳಿಕೊಟ್ಟಿದ್ದಲ್ಲ. ಬೈಯುತ್ತಿದ್ದರು, ನಾವು ಕಲಿತೆವು. ಯಾವ ಮರ ಯಾವುದು ಅಂತ ತಿಳಿಯಲಿಲ್ಲ ಅಂದರೆ ಬೈಸಿಕೊಳ್ಳಬೇಕಾಗುತ್ತಿತ್ತು, ಅದಕ್ಕೇ ತಿಳಿದುಕೊಂಡೆವು. ಮತ್ತಿಯ ತೊಗಟೆ ಮೊಸಳೆ ಚರ್ಮದ ತರಹ ಸೀಳಿರುತ್ತದೆ, ಹೊನ್ನೆಯನ್ನು ಕೆತ್ತಿದರೆ ಕೆಂಪು ರಸ ಬರುತ್ತದೆ, ನಂದಿ ಬೆಳ್ಳಗೆ ನುಣ್ಣಗೆ. ಈಗ ಪಾರ್ಕಿನಲ್ಲಿ ಮರಗಳಿಗೆ ಕಟ್ಟಿದ ಹೆಸರಿನ ಫಲಕ ಓದಿಕೊಂಡು ಹೋಗುತ್ತೇನೆ, ಗೇಟು ದಾಟುವಷ್ಟರಲ್ಲಿ ಮರೆಯುತ್ತೇನೆ. ಬೈಯುವವರು ಯಾರೂ ಇಲ್ಲ, ಅಲ್ವಾ.

ಅಜ್ಜನ ಕಾಲದ ಆ ಕಟ್ಟುನಿಟ್ಟು ಎಲ್ಲ ಕಡೆ ಇತ್ತು ಅಂತ ಹೇಳಿದರೆ ಸುಳ್ಳಾಗುತ್ತದೆ. ವರ್ಷ ವರ್ಷವೂ ಕಡಿಸಿಕೊಂಡು, ಬೇಲಿ ಇಲ್ಲದೆ ದನ ಮೇಯ್ದು, ಬರೀ ಗೂಟಗಳು ಉಳಿದ ಬೆಟ್ಟಗಳು ನಮ್ಮೂರ ಸುತ್ತಲೂ ಇವೆ. ಸಸಿ ಏಳೋಕೆ ಬಿಟ್ಟಿಲ್ಲ. ಒಂಬತ್ತು ಎಕರೆ ಸಿಕ್ಕವರಿಗೆ ಕಾಡಿನ ಮೇಲೆ ಹಕ್ಕಿತ್ತು, ಆ ಹೊರೆ ಹೊತ್ತ ಕೂಲಿಯವರಿಗೆ ಅದೇ ಹಕ್ಕು ಇರಲಿಲ್ಲ ಅನ್ನುವುದನ್ನೂ ಸೇರಿಸಬೇಕು. ಹಳ್ಳಿಯವರೆಲ್ಲ ಪ್ರಕೃತಿಯ ಜೊತೆ ಹೊಂದಿಕೊಂಡು ಬದುಕುತ್ತಿದ್ದರು ಅನ್ನುವ ಫಾರ್ವರ್ಡ್ ಮೆಸೇಜು ಬಂದಾಗಲೆಲ್ಲ ನನಗೆ ಈ ಬೋಳು ಬೆಟ್ಟ ಕಣ್ಣ ಮುಂದೆ ಬರುತ್ತದೆ.

ದರಕಿನ ಕೆಲಸ ಇನ್ನೂ ಬೇರೆ. ಜನವರಿಯಿಂದ ಎಲೆ ಉದುರಲು ಸುರು. ಬೆಳಿಗ್ಗೆ ಇಬ್ಬನಿ ಇರುವಾಗಲೇ ಗುಡಿಸಬೇಕು, ಬಿಸಿಲೇರಿದರೆ ಎಲೆ ಪುಡಿಯಾಗುತ್ತದೆ. ಗುಡಿಸಿ ರಾಶಿ ಮಾಡಿ ಹಗ್ಗದ ಬಲೆಗೆ ತುಂಬಿ, ತುಳಿದು ತುಳಿದು ಒತ್ತಿ, ತಲೆಯ ಮೇಲೆ ಸಿಂಬೆ ಇಟ್ಟು ಹೊತ್ತು ತರುವುದು. ಭಾರ ಅಷ್ಟಿಲ್ಲ, ಗಾತ್ರ ಜಾಸ್ತಿ, ದಾರಿಯೇ ಕಾಣುವುದಿಲ್ಲ. ಮನೆಗೆ ಬಂದ ಮೇಲೆ ಆಯಿ ನಮ್ಮನ್ನು ಅಂಗಳದಲ್ಲೇ ನಿಲ್ಲಿಸಿ ಕಿವಿ ಹಿಂದೆ, ಕತ್ತಿನ ಕೆಳಗೆ, ಮೊಣಕಾಲ ಹಿಂದೆ ಹುಡುಕುತ್ತಿದ್ದಳು. ಉಣುಗು, ಅಂದರೆ ರಕ್ತ ಹೀರುವ ಉಣ್ಣೆ ಹುಳ, ಹತ್ತಿದೆಯಾ ಅಂತ. ಕಂಡರೆ ಕಿತ್ತು ಒಲೆಗೆ. ಬಿಸಿ ನೀರಿನ ಸ್ನಾನ ಆಗದೆ ಒಳಗೆ ಪ್ರವೇಶ ಇಲ್ಲ.

ಆಗ ಅದು ಆಯಿಯ ಗಡಿಬಿಡಿ ಅಂತ ಅನ್ನಿಸುತ್ತಿತ್ತು. ಮಂಗನ ಕಾಯಿಲೆ ಗೊತ್ತಲ್ಲ? 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಆಮೇಲೆ ಜನರಿಗೆ ಜ್ವರ. ಹರಡುವುದು ಉಣುಗಿನಿಂದ. ಬಿಸಿಲುಗಾಲದಲ್ಲಿ, ಅಂದರೆ ಸರಿಯಾಗಿ ದರಕು ಗುಡಿಸುವ ತಿಂಗಳುಗಳಲ್ಲೇ, ಇದರ ಕಾಟ ಜಾಸ್ತಿ. ಸಣ್ಣ ಉಣುಗುಗಳು ಒಣ ಎಲೆಯ ನಡುವೆಯೇ ಇರುತ್ತವೆ. 2024ರಲ್ಲೂ ಸಿದ್ದಾಪುರ ತಾಲೂಕಿನಲ್ಲಿ ಸಾವುಗಳಾದವು. ಕಾಡಿಗೆ ಹೋಗುವ ಮೊದಲು ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆಯವರು ಉಣುಗು ದೂರ ಇಡುವ ಡೇಪಾ ಎಣ್ಣೆ ಕೊಡುತ್ತಾರೆ. ಮಂಗ ಸತ್ತು ಬಿದ್ದದ್ದು ಕಂಡರೆ ತಕ್ಷಣ ತಿಳಿಸಿ ಅನ್ನುತ್ತಾರೆ. ಈ ಜ್ವರ ಜಾಸ್ತಿ ತಗಲುವುದು ದರಕು ಗುಡಿಸುವವರಿಗೆ, ಸೌದೆ ತರುವವರಿಗೆ, ದನ ಮೇಯಿಸುವವರಿಗೆ. ಬೆಟ್ಟ ಅಂದರೆ ನಮಗೆ ಪ್ರೀತಿಯೂ ಹೌದು, ಭಯವೂ ಹೌದು. ಉಂಬಳ, ಅಂದರೆ ಜಿಗಣೆ, ಕಚ್ಚಿದರೆ ಸುಣ್ಣ ಹಚ್ಚಿ ನಗುತ್ತಿದ್ದ ಆಯಿ, ಉಣುಗು ಕಂಡರೆ ನಗುತ್ತಿರಲಿಲ್ಲ.

ಇಷ್ಟು ಹೇಳಿ ಅಪ್ಪೆಮಿಡಿಯ ಬಗ್ಗೆ ಹೇಳದಿದ್ದರೆ ಊರಿನವರು ನನ್ನನ್ನು ಬಿಡುವುದಿಲ್ಲ.

ಅಪ್ಪೆ ಅಂದರೆ ಕಾಡು ಮಾವು. ಹೊಳೆ, ಹಳ್ಳದ ದಂಡೆಯಲ್ಲಿ ಬೆಳೆಯುವ, ತಲೆ ಎತ್ತಿ ನೋಡಿದರೆ ಕುತ್ತಿಗೆ ನೋಯುವಷ್ಟು ಎತ್ತರದ ಮರ. ಅಘನಾಶಿನಿ, ಶರಾವತಿ, ವರದಾ, ಕಾಳಿ ದಂಡೆಗಳ ಅಪ್ಪೆ ಒಂದಕ್ಕಿಂತ ಒಂದು ಹೆಸರುವಾಸಿ. ಹಣ್ಣಾದರೆ ಯಾರೂ ಮೂಸುವುದಿಲ್ಲ, ಬೇಕಿರುವುದು ಮಿಡಿ. ಫೆಬ್ರವರಿ, ಮಾರ್ಚ್ ಬಂತೆಂದರೆ ಅಜ್ಜನ ಕಣ್ಣು ಆಕಾಶದ ಕಡೆ. ಮಿಡಿ ತೀರಾ ಎಳೆಯದಾದರೆ ಉಪ್ಪಿನಲ್ಲಿ ಕರಗಿ ಹೋಗುತ್ತದೆ, ಬಲಿತರೆ ಗೊರಟು ಗಟ್ಟಿಯಾಗುತ್ತದೆ. ನಡುವೆ ಸಿಗುವುದು ಕೆಲವೇ ದಿನ. ಆ ದಿನಗಳಲ್ಲಿ ಮರ ಹತ್ತುವವರು ಸಿಗಬೇಕು, ಅವರನ್ನು ಹಿಡಿಯೋಕೆ ಇಡೀ ಸೀಮೆಯೇ ಪೈಪೋಟಿ.

ಮೇಲೆ ಹತ್ತಿದವರು ಮಿಡಿಯನ್ನು ಗೊಂಚಲು ಸಮೇತ ಕೊಯ್ದು ಬುಟ್ಟಿಗೆ ಹಾಕಿ ಹಗ್ಗದಲ್ಲಿ ನಿಧಾನ ಇಳಿಸುತ್ತಾರೆ. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಉಪ್ಪಿನಕಾಯಿಗೆ ಬರುವುದಿಲ್ಲ, ಒಂದು ಪೆಟ್ಟಾದ ಮಿಡಿ ಇಡೀ ಭರಣಿ ಕೆಡಿಸುತ್ತದೆ. ಕೆಳಗೆ ನಿಂತ ನಮ್ಮ ಕೆಲಸ ಬುಟ್ಟಿ ಹಿಡಿಯುವುದು, ಮಿಡಿಗೆ ತೊಟ್ಟು ಉಳಿಸಿ ಗೊಂಚಲಿನಿಂದ ಬಿಡಿಸುವುದು. "ತಂಗೀ, ತೊಟ್ಟು ಮುರಿಯಡ." ಇದನ್ನು ಅಜ್ಜ ಎಷ್ಟು ಸಲ ಹೇಳಿದ್ದಾರೋ. ತೊಟ್ಟು ಮುರಿದರೆ ಸೊನೆ ಹೋಗುತ್ತದೆ, ಸೊನೆ ಹೋದರೆ ಪರಿಮಳ ಹೋಯಿತು. ಆ ಸೊನೆ ಮೈಗೆ ತಾಗಿದರೆ ಸುಟ್ಟ ಕಲೆ ಬೀಳುತ್ತದೆ, ನನ್ನ ಎಡ ಮುಂಗೈಯಲ್ಲಿ ಈಗಲೂ ಒಂದಿದೆ. ದೀಪದ ಕುಡಿಗೆ ಸೊನೆ ಚಿಮ್ಮಿಸಿದರೆ ಫಕ್ ಅಂತ ಹತ್ತಿಕೊಳ್ಳುತ್ತದೆ. ಮಕ್ಕಳಿಗೆ ಅದಕ್ಕಿಂತ ದೊಡ್ಡ ಆಟ ಇಲ್ಲ, ಆಯಿಗೆ ಅದಕ್ಕಿಂತ ದೊಡ್ಡ ಸಿಟ್ಟೂ ಇಲ್ಲ.

ಒಂದೊಂದು ಮರದ ಪರಿಮಳ ಒಂದೊಂದು. ಜೀರಿಗೆ ವಾಸನೆಯದು, ಕರ್ಪೂರದ ವಾಸನೆಯದು, ಬರೀ ಹುಳಿ, ಏನೂ ಇಲ್ಲದ್ದು. ಬೀಜ ನೆಟ್ಟರೆ ತಾಯಿ ಮರದ ಗುಣವೇ ಬರುತ್ತದೆ ಅಂತ ಖಾತ್ರಿ ಇಲ್ಲ. ಹಾಗಾಗಿ ಒಳ್ಳೆಯ ಮರಕ್ಕೆ ಮನುಷ್ಯರ ತರಹ ಹೆಸರು, ಕೀರ್ತಿ. ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ ಅಂದರೆ ನಮ್ಮ ಕಡೆಯ ಹಿರಿಯರಿಗೆ ಈಗಲೂ ಬಾಯಲ್ಲಿ ನೀರು. ಈಗ ಕಸಿ ಗಿಡ ಬಂದಿದೆ, ಮನೆಯ ಅಂಗಳದಲ್ಲೇ ಕೈಗೆ ಎಟಕುವ ಹಾಗೆ ಬಿಡುತ್ತದೆ. ಅಪ್ಪೆಮಿಡಿಗೆ ಭೌಗೋಳಿಕ ಗುರುತಿನ ಜಿಐ ಮಾನ್ಯತೆಯೂ ಸಿಕ್ಕಿದೆ. ಸಂತೋಷವೇ. ಯಾಕೆಂದರೆ ಹೊಳೆದಂಡೆಯ ಮರಗಳ ಕಥೆ ಅಷ್ಟು ಚೆನ್ನಾಗಿಲ್ಲ. ಬೆಲೆ ಏರಿದ ಮೇಲೆ ಹತ್ತೋಕೆ ಪುರುಸೊತ್ತಿಲ್ಲದವರು ಕೊಂಬೆಯನ್ನೇ ಕಡಿದು ಕೆಳಗೆ ಬೀಳಿಸಿ ಮಿಡಿ ಕಿತ್ತುಕೊಂಡು ಹೋದರು. ನಮ್ಮ ಹಳ್ಳದ ದಂಡೆಯಲ್ಲಿ ಅಜ್ಜ ಬುಟ್ಟಿ ಇಳಿಸುತ್ತಿದ್ದ ಒಂದು ಮರಕ್ಕೂ ಹಾಗೇ ಆಯಿತು. ಒಂದು ಕಡೆಯ ಕೊಂಬೆ ಹೋಗಿ ಮರ ವಾಲಿತು, ಮುಂದಿನ ಮಳೆಗಾಲದ ನೆರೆಗೆ ದಂಡೆ ಕುಸಿದು ಬಿತ್ತು. ಯಾರು ಕಡಿದರು ಅಂತ ಊರಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡಲಿಲ್ಲ. ಮದುವೆ ಮನೆಯಲ್ಲಿ ಎದುರು ಸಿಗುವವರನ್ನು ಏನಂತ ಕೇಳುವುದು?

ಉಪ್ಪಾಗೆಯದ್ದೂ ಇದೇ ಹಾಡು. ಅದೊಂದು ಕಾಡು ಹಣ್ಣು, ನಮಗೆ ಅಡುಗೆಯ ಹುಳಿ, ಬೀಜದಿಂದ ತುಪ್ಪ. ತೂಕ ಇಳಿಸುವ ಔಷಧಿಗೆ ಅದರ ಸಿಪ್ಪೆಯ ಸತ್ವ ಬೇಕು ಅಂತ ಹೊರದೇಶದಿಂದ ಬೇಡಿಕೆ ಬಂದಾಗ ಕಾಡಿನ ಉಪ್ಪಾಗೆಗೆ ಒಮ್ಮೆಲೇ ಬೆಲೆ ಬಂತು. ಮೊದಲು ಹಣ್ಣಾಗಿ ಬಿದ್ದದ್ದನ್ನು ಹೆಕ್ಕುತ್ತಿದ್ದ ಜನ, ತಾನು ಬಿಟ್ಟರೆ ಬೇರೆಯವರು ಒಯ್ಯುತ್ತಾರೆ ಅಂತ ಕಾಯಿ ಇರುವಾಗಲೇ ಕಿತ್ತರು. ಮಳೆಗಾಲದಲ್ಲೇ ಬಿಡುವ ಹಣ್ಣು, ಬಿಸಿಲು ಇಲ್ಲ, ಬೆಂಕಿಯ ಮೇಲೇ ಒಣಗಿಸಬೇಕು. ಹಣ್ಣಿಗಿಂತ ಜಾಸ್ತಿ ಸೌದೆ ಕಾಡಿನಿಂದ ಹೋಯಿತು. ಕಾಡಿನಲ್ಲಿ ಕೆಲಸ ಮಾಡಿದವರಿಗೆ ಕಾಡು ಗೊತ್ತಿರುತ್ತದೆ ಅನ್ನುವುದು ನಿಜ. ಗೊತ್ತಿರುವವರೇ ಅದನ್ನು ಉಳಿಸುತ್ತಾರೆ ಅನ್ನುವುದಕ್ಕೆ ಗ್ಯಾರಂಟಿ ಏನೂ ಇಲ್ಲ. ಯಾವ ಮರ ಎಲ್ಲಿದೆ, ಯಾವಾಗ ಬಿಡುತ್ತದೆ ಅಂತ ಗೊತ್ತಿದ್ದವರೇ ಮೊದಲು ಕಿತ್ತದ್ದು.

ಹಾಗಿದ್ದರೂ ನಮ್ಮ ಸೀಮೆಯಲ್ಲಿ ಕಾಡಿಗಾಗಿ ಎದ್ದವರೂ ಇದೇ ಕೆಲಸದ ಜನವೇ. 1983ರ ಸೆಪ್ಟೆಂಬರ್ 8ರಂದು ಸಿರಸಿ ತಾಲೂಕಿನ ಸಾಲ್ಕಣಿಯ ಗಂಡಸರು, ಹೆಂಗಸರು, ಮಕ್ಕಳು ಮಳೆಯಲ್ಲೇ ಕಾಡಿಗೆ ನಡೆದುಕೊಂಡು ಹೋಗಿ, ಕಡಿಯೋಕೆ ಗುರುತು ಹಾಕಿದ ಮರಗಳನ್ನು ಅಪ್ಪಿಕೊಂಡು ನಿಂತರು. ಹಿಮಾಲಯದ ಚಿಪ್ಕೋ ನಮ್ಮಲ್ಲಿ ಅಪ್ಪಿಕೋ ಆಯಿತು. ಅದರ ಮುಂದಾಳು ಪಾಂಡುರಂಗ ಹೆಗಡೆಯವರ ಹೆಸರು ಎಲ್ಲರೂ ಕೇಳಿರುತ್ತೀರಿ. ಸೆಪ್ಟೆಂಬರಿನಲ್ಲಿ ಆ ಕಾಡಿನ ದಾರಿ ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಕಾಲಿಗೆ ಉಂಬಳ, ತಲೆಗೆ ಕಂಬಳಿ ಕೊಪ್ಪೆ. ಆ ಚಳವಳಿಯವರು ಮೂರು ಮಾತು ಹೇಳುತ್ತಿದ್ದರು: ಉಳಿಸು, ಬೆಳೆಸು, ಬಳಸು. ನನಗೆ ಮೂರನೆಯದೇ ಇಷ್ಟ. ಕಾಡಿಗೆ ಕೈ ಹಚ್ಚಲೇಬೇಡಿ ಅಂತ ಅವರು ಹೇಳಲಿಲ್ಲ. ಸೊಪ್ಪಿಲ್ಲದೆ, ಜೇನಿಲ್ಲದೆ, ಹಳ್ಳದ ನೀರಿಲ್ಲದೆ ಅವರ ಮನೆ ನಡೆಯುತ್ತಿರಲಿಲ್ಲ. ಮರ ಹೋದರೆ ತೋಟದ ನೀರು ಹೋಗುತ್ತದೆ ಅಂತ ಅವರು ತಮ್ಮ ಹಳ್ಳವನ್ನು ನೋಡಿಯೇ ತಿಳಿದಿದ್ದರು.

ಅಪ್ಪಯ್ಯನದ್ದು ಬೇರೆಯೇ ದಾರಿ. ಅವರಿಗೆ ಲೆಕ್ಕ. ಅಂಗಳದ ತುದಿಯಲ್ಲಿ ಮಳೆ ಮಾಪಕ ಇಟ್ಟಿದ್ದಾರೆ. ದಿನಾ ಬೆಳಿಗ್ಗೆ ಎಂಟೂವರೆಗೆ, ಹವಾಮಾನ ಇಲಾಖೆಯ ಹೊತ್ತೂ ಅದೇ, ಹೋಗಿ ಅಳೆದು ಡೈರಿಯಲ್ಲಿ ಬರೆಯುತ್ತಾರೆ. ನಮ್ಮ ಕಡೆ ಹೀಗೆ ಬರೆದಿಡುವ ತೋಟಿಗರು ತುಂಬಾ ಜನ ಇದ್ದಾರೆ. ಇದು ಬರೀ ಹವ್ಯಾಸ ಅಲ್ಲ. ಅಡಿಕೆಗೆ ಕೊಳೆರೋಗ ಬರುವುದು ಬಿಡದೆ ಮಳೆ ಹೊಯ್ದಾಗ. ಮಳೆ ಹಿಡಿಯುವ ಮೊದಲೇ ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಹೊಡೆಸಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ತಿಂಗಳೊಪ್ಪತ್ತು ಕಳೆದು ಮತ್ತೆ ಹೊಡೆಸಬೇಕು. ಯಾವಾಗ ಎರಡು ದಿನ ಬಿಸಿಲು ಬಿಟ್ಟೀತು ಅನ್ನುವುದರ ಮೇಲೆ ವರ್ಷದ ಬೆಳೆಯೇ ನಿಂತಿರುತ್ತದೆ. ಅದಕ್ಕೇ ನಮ್ಮಲ್ಲಿ ಮಳೆಯನ್ನು ತಿಂಗಳ ಹೆಸರಿನಿಂದ ಕರೆಯುವುದಕ್ಕಿಂತ ನಕ್ಷತ್ರದ ಹೆಸರಿನಿಂದ ಕರೆಯುವುದು ಜಾಸ್ತಿ. ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ. ಒಂದೊಂದಕ್ಕೂ ಹೆಚ್ಚು ಕಡಿಮೆ ಎರಡು ವಾರ. ಜೂನ್ 21, 22ರ ಹೊತ್ತಿಗೆ ಆರಿದ್ರಾ ಹುಟ್ಟುತ್ತದೆ. "ಆದ್ರೆ ಆರಿದ್ರ, ಇಲ್ದಿದ್ರೆ ದರಿದ್ರ" ಅಂತ ಅಜ್ಜ ಹೇಳುತ್ತಿದ್ದರು, ಅಪ್ಪಯ್ಯ ಡೈರಿಯಲ್ಲಿ ಅಂಕಿ ಬರೆಯುತ್ತಿದ್ದರು.

ಆ ಡೈರಿಗಳನ್ನು ಕಳೆದ ಬೇಸಿಗೆಯಲ್ಲಿ ಕೂತು ನೋಡಿದೆ. ನನ್ನ ನೆನಪಿನಲ್ಲಿ ಶಾಲೆ ಸುರುವಾಗುವ ದಿನ ಅಂದರೆ ಮಳೆ. ಹೊಸ ಕೊಡೆ, ಒದ್ದೆ ಪುಸ್ತಕ, ದಾರಿಯಲ್ಲಿ ತುಂಬಿದ ಹಳ್ಳ. ಪ್ರತಿ ವರ್ಷವೂ ಹಾಗೇ ಅಂತ ಪ್ರಮಾಣ ಮಾಡಿ ಹೇಳುತ್ತಿದ್ದೆ. ಡೈರಿಯಲ್ಲಿ ನೋಡಿದರೆ ಎಷ್ಟೋ ವರ್ಷ ಜೂನ್ ಮೊದಲ ವಾರದಲ್ಲಿ ಬರೀ ಸೊನ್ನೆ. ನೆನಪು ತನಗೆ ಚೆಂದ ಕಂಡ ಒಂದು ದಿನವನ್ನು ಎಲ್ಲ ವರ್ಷಕ್ಕೂ ಅಂಟಿಸಿಬಿಟ್ಟಿದೆ. "ಮೊದಲಿನ ಹಾಗೆ ಮಳೆ ಇಲ್ಲ" ಅಂತ ನಾವೆಲ್ಲ ಹೇಳುತ್ತೇವಲ್ಲ, ಅಪ್ಪಯ್ಯನಿಗೆ ಆ ಮಾತು ಕೇಳಿದರೆ ಕಿರಿಕಿರಿ. ಅವರ ಪ್ರಕಾರ ಬದಲಾದದ್ದು ಒಟ್ಟು ಲೆಕ್ಕಕ್ಕಿಂತ ಮಳೆ ಹೊಯ್ಯುವ ರೀತಿ. ವಾರಗಟ್ಟಲೆ ಸೊನ್ನೆ, ಆಮೇಲೆ ಎರಡು ದಿನದಲ್ಲಿ ಅಷ್ಟೂ. ಅವರು ತಮ್ಮ ಅಂಗಳದ ಬಗ್ಗೆ ಮಾತ್ರ ಹೇಳುತ್ತಾರೆ, ಪಕ್ಕದ ಊರಿನ ಮಳೆ ಕೇಳಿದರೆ "ಅದು ಆ ಊರಿನವ್ರನ್ನ ಕೇಳು" ಅನ್ನುತ್ತಾರೆ. ಈ ಒಂದು ಗುಣ ನನಗೆ ಬರಲಿ ಅಂತ ಬಹಳ ಆಸೆ. ವಾಟ್ಸಾಪಿನಲ್ಲಿ ಹವಾಮಾನದ ಬಗ್ಗೆ ಮಾತಾಡುವ ಎಲ್ಲರಿಗೂ ಬಂದರೆ ಇನ್ನೂ ಒಳ್ಳೆಯದು.

ನಾನೂ ಇಲ್ಲಿ ಟೆರೇಸಿನ ಮೇಲೆ ಒಂದು ಮಾಪಕ ಇಟ್ಟಿದ್ದೇನೆ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಈ ಲೆಕ್ಕ ತಲೆಗೆ ಹೋದ ಮೇಲೆ ನಮ್ಮ ಕಟ್ಟಡದ ಮೇಲೆ ಬಿದ್ದು ಚರಂಡಿಗೆ ಓಡುವ ನೀರನ್ನು ಸುಮ್ಮನೆ ನೋಡೋಕೆ ಆಗುತ್ತಿಲ್ಲ. ಅಪಾರ್ಟ್‌ಮೆಂಟ್ ಸಭೆಯಲ್ಲಿ ಮಳೆಕೊಯ್ಲಿನ ವಿಷಯ ಎತ್ತಿ ಎತ್ತಿ ಎಲ್ಲರಿಗೂ ಬೇಸರ ತರಿಸಿದ್ದೇನೆ. ಅದೊಂದು ಬೇರೆ ಕಥೆ, ಇನ್ನೊಮ್ಮೆ ಬರೆಯುತ್ತೇನೆ.

ಬೆಂಗಳೂರಿನಲ್ಲಿ ನನಗೆ ಸಿಕ್ಕ ಒಳ್ಳೆಯ ಗುರು ಅಂದರೆ ನಮ್ಮ ಹತ್ತಿರದ ಕೆರೆಯ ದಂಡೆಯಲ್ಲಿ ಸೊಪ್ಪು ಕೊಯ್ಯುವ ಒಬ್ಬ ಅಜ್ಜಿ. ಹೊನಗನ್ನೆ ಸೊಪ್ಪು ಕೊಯ್ದು ಕಟ್ಟು ಮಾಡಿ ಮಾರುತ್ತಾರೆ. ಬೆಳಿಗ್ಗೆ ದೊಡ್ಡ ಕ್ಯಾಮೆರಾ ಹಿಡಿದ ಹಕ್ಕಿ ನೋಡುವ ಗುಂಪೂ ಬರುತ್ತದೆ, ಪಾಪ, ಒಳ್ಳೆಯ ಜನ, ಅವರಿಂದಲೂ ಹೆಸರುಗಳನ್ನು ಕಲಿತಿದ್ದೇನೆ. ಆದರೆ ಕೆರೆಗೆ ಕೊಳಚೆ ಎಲ್ಲಿಂದ ಸೇರುತ್ತಿದೆ ಅಂತ ಮೊದಲು ತೋರಿಸಿದ್ದು ಈ ಅಜ್ಜಿ. "ಆ ಕಡೇದು ಕೊಯ್ಯಲ್ಲಮ್ಮ, ಎಲೆ ದೊಡ್ಡದಾಗಿ ಬೆಳ್ದೈತೆ, ಕಪ್ಪಗೈತೆ, ಅದು ಮೋರಿ ನೀರು ಕುಡ್ದಿರೋ ಸೊಪ್ಪು" ಅಂದರು. ನಾನು ದಿನಾ ಅದರ ಪಕ್ಕವೇ ನಡೆಯುತ್ತಿದ್ದೆ. ನನ್ನ ಕಣ್ಣಿಗೆ ಅದು ಚೆನ್ನಾಗಿ ಬೆಳೆದ ಹಸಿರು ಅಷ್ಟೇ. ಹಾವಿನ ಬಿಲ ಎಲ್ಲಿದೆ, ನೀರು ಎಷ್ಟು ಇಳಿದರೆ ಎಲ್ಲಿ ಕಾಲು ಹೂತುಹೋಗುತ್ತದೆ ಅನ್ನುವುದೂ ಅವರಿಗೇ ಗೊತ್ತು. ಕುಮಟಾದ ಕಡೆ ಅಘನಾಶಿನಿ ಸಮುದ್ರ ಸೇರುವ ಜಾಗದಲ್ಲಿ ಬಳಚು, ಅಂದರೆ ತಿನ್ನುವ ಚಿಪ್ಪುಮೀನು, ಹೆಕ್ಕುವ ಹೆಂಗಸರನ್ನು ನೋಡಿದಾಗಲೂ ಇದೇ ಅನಿಸಿತ್ತು. ನೀರಿಗಿಳಿದು ಕಾಲಿನಲ್ಲೇ ಚಿಪ್ಪು ಹುಡುಕುವ ಅವರಿಗೆ ಇಂದು ಇಳಿತ ಎಷ್ಟೊತ್ತಿಗೆ, ಹುಣ್ಣಿಮೆ ಅಮಾವಾಸ್ಯೆಗೆ ಎಷ್ಟು ದೂರ ನಡೆಯಬಹುದು ಅನ್ನುವುದು ಮಾತಿನ ನಡುವೆ ಬಂದು ಹೋಗುವ ಸಂಗತಿ. 2024ರಲ್ಲಿ ಆ ಅಳಿವೆಗೆ ರಾಮ್ಸರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶದ, ಮಾನ್ಯತೆ ಬಂತು. ಅವರಲ್ಲಿ ಒಬ್ಬರನ್ನು ಕೇಳಿದೆ, ಗೊತ್ತಾ ಅಂತ. "ಹೌದಂತೆ, ಅದ್ರಿಂದ ಬಳಚು ಜಾಸ್ತಿ ಆಗ್ತದಾ?" ಅಂತ ತಿರುಗಿ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಮಗಳ ವಿಷಯ. ರಜೆಗೆ ಊರಿಗೆ ಕರೆದುಕೊಂಡು ಹೋದರೆ ಮೊದಲೆಲ್ಲ ಮೂಲೆ ಹಿಡಿದು ಕೂರುತ್ತಿದ್ದಳು. ನೆಟ್‌ವರ್ಕ್ ಇಲ್ಲ, ಇರುವೆ ಇದೆ, ಕರೆಂಟು ಹೋಗುತ್ತದೆ. ನಾನೂ ಬುದ್ಧಿವಂತಳ ಹಾಗೆ ಅವಳನ್ನು ಬೆಟ್ಟ ತೋರಿಸೋಕೆ, ಹೊಳೆ ತೋರಿಸೋಕೆ ಕರೆದುಕೊಂಡು ಹೋಗುತ್ತಿದ್ದೆ. ಉಂಚಳ್ಳಿ ಜಲಪಾತಕ್ಕೂ ಹೋಗಿದ್ದಾಯಿತು, 116 ಮೀಟರ್ ಎತ್ತರದಿಂದ ನೀರು ಬೀಳುತ್ತಿದೆ, ಇವಳು "ಚೆನ್ನಾಗಿದೆ, ಮನೆಗೆ ಹೋಗೋಣ್ವಾ?" ಅಂದಳು. ಕಳೆದ ಸಲ ಆಯಿ ನನ್ನನ್ನು ಕೇಳದೆಯೇ ಅವಳ ಕೈಗೆ ಬುಟ್ಟಿ ಕೊಟ್ಟು ತೋಟಕ್ಕೆ ಕಳಿಸಿದಳು. ಉದುರಿದ ಅಡಿಕೆ ಹೆಕ್ಕುವ ಕೆಲಸ. ಅಜ್ಜ, ಅಂದರೆ ನನ್ನ ಅಪ್ಪಯ್ಯ, ಬುಟ್ಟಿಗೆ ಇಷ್ಟು ಅಂತ ಕೂಲಿ ಹೇಳಿದರು. ಬೆಳಗಿನ ಮಳೆ ಅಳೆಯುವ ಕೆಲಸವೂ ಅವಳಿಗೇ. ಮೂಗು ಮುರಿದುಕೊಂಡೇ ಹೋದಳು. ಉಂಬಳ ಹತ್ತಿದಾಗ ಕಿರುಚಿದ್ದು ಪಕ್ಕದ ಮನೆಗೂ ಕೇಳಿಸಿತು. ವಾರ ಕಳೆಯುವಷ್ಟರಲ್ಲಿ ತೋಟದ ಯಾವ ಸಾಲಿನಲ್ಲಿ ಜಾಸ್ತಿ ಉದುರುತ್ತದೆ, ಬಾವಲಿ ಯಾವ ಮರಕ್ಕೆ ಬಂದು ಸಿಪ್ಪೆ ಚೀಪುತ್ತದೆ, ಎಲ್ಲಿ ಕಾಲಿಟ್ಟರೆ ಜಾರುತ್ತದೆ ಅಂತ ನನಗೇ ಹೇಳುವಂತಾದಳು. ತೋಟ ಇಷ್ಟವಾಯಿತಾ ಅಂತ ಕೇಳಿದೆ. "ಇಲ್ಲ, ಬೋರು" ಅಂದಳು.

ಆದರೆ ಬೆಂಗಳೂರಿಗೆ ಬಂದ ಮೇಲೂ ಭಾನುವಾರ ಅಜ್ಜನಿಗೆ ಫೋನ್ ಹೋಗುತ್ತದೆ. ಮೊದಲ ಪ್ರಶ್ನೆ ಎಷ್ಟು ಮಿಲಿಮೀಟರ್, ಎರಡನೆಯದು ತನ್ನ ಕೂಲಿ ಬಾಕಿ. ಬುಟ್ಟಿಗಳ ಲೆಕ್ಕ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ. ಅಜ್ಜ ಡೈರಿಯಲ್ಲಿ ತನ್ನದೇ ಲೆಕ್ಕ ಬರೆದಿದ್ದಾರೆ, ಅದರಲ್ಲಿ ಎರಡು ಬುಟ್ಟಿ ಕಮ್ಮಿ ಇದೆ. ಇಬ್ಬರೂ ಬಿಟ್ಟುಕೊಡುತ್ತಿಲ್ಲ. ದಸರಾ ರಜೆಗೆ ಊರಿಗೆ ಹೋದಾಗ ಎದುರಾಎದುರೇ ತೀರ್ಮಾನ ಆಗಬೇಕಂತೆ, ನಾನು ಮಧ್ಯೆ ಬಾಯಿ ಹಾಕಬಾರದಂತೆ.